ಕಸ ಕಿಸೆಯಲ್ಲಿ, ಚಪ್ಪಲಿ ಹೊಸ್ತಿಲಲ್ಲಿ

ದೇಶ ಸುತ್ತು, ಇಲ್ಲವೇ ಕೋಶ ಓದು ಎಂದು ಹಿರಿಯರು ಹೇಳಿದ್ದಾರೆ. ಸಂಸಾರದ ಗಡಿಬಿಡಿಯಲ್ಲಿ ಕೋಶ ಓದುವುದಂತೂ ಆಗಲಿಲ್ಲ. ದೇಶ ಸುತ್ತುವ ಯೋಗ ಮಾತ್ರ ಮಗನ ನೌಕರಿಯ ನಿಮಿತ್ತ ಒದಗಿ ಬಂದಿತು. ಕಡಕ್ ರೊಟ್ಟಿ, ಸೊಲ್ಲಾಪುರದ ಶೇಂಗಾ ಚಟ್ನಿಯ ಗಂಟು ಕಟ್ಟಿಕೊಂಡು ನಾವು ಗಂಡ ಹೆಂಡತಿ ಜಪಾನಿನ ಒಸಾಕಾ ನಗರದಲ್ಲಿ ಒಂದು ತಿಂಗಳು ಇದ್ದು ಬಂದೆವು. ಅಲ್ಲಿಯ ಎತ್ತರದ ಕಟ್ಟಡಗಳ, 1964ರಿಂದ ಓಡುತ್ತಿರುವ ಬುಲೆಟ್ ರೈಲಿನ ವರ್ಣನೆಯನ್ನು ಓದುಗರು ಬೇಕಾದಷ್ಟು ಓದಿದ್ದೀರಿ. ನಮ್ಮ ಕಣ್ಣು ಹೋದದ್ದು ಚಪ್ಪಲಿ, ಕಸ, ಊಟದಂಥ ಸಣ್ಣ ಸಂಗತಿಗಳ ಕಡೆಗೆ.

ಚಪ್ಪಲಿ ಬಿಟ್ಟು ಮನೆಯೊಳಗೆ ಹೋಗುವುದು ನಮಗೇನು ಹೊಸದಲ್ಲ. ಆದರೆ ಅಲ್ಲಿ ಅದೊಂದು ಶಾಸ್ತ್ರವೇ ಆಗಿದೆ. ಬಾಗಿಲು ದಾಟಿದೊಡನೆ ಒಂದು ತಗ್ಗು ಜಾಗ; ಅದಕ್ಕೆ ಗೆಂಕಾನ್ ಎನ್ನುತ್ತಾರೆ. ಅಲ್ಲಿ ಬೂಟು ಕಳಚಿ, ಅದರ ಮುಖವನ್ನು ಬಾಗಿಲಿನ ಕಡೆಗೆ ತಿರುಗಿಸಿ, ಜೋಡಿಸಿ ಇಡಬೇಕು. ಒಳಗೆ ತಿರುಗಾಡಲು ಬೇರೆ ಸ್ಲಿಪ್ಪರು. ತತಾಮಿ ಎಂಬ ಚಾಪೆ ಹಾಸಿದ ಕೋಣೆಗೆ ಆ ಸ್ಲಿಪ್ಪರೂ ಕೂಡದು. ಪಾಯಖಾನೆಗೆ ಮತ್ತೊಂದು ಜೊತೆ, ಅದು ಅಲ್ಲಿಂದ ಹೊರಗೆ ಬರುವಂತಿಲ್ಲ. ಹಬ್ಬದ ದಿನ ನಮ್ಮ ಬಸದಿಯ ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿಯಲ್ಲಿ ಒಂದು ಕಾಲಿಗೆ ನಮ್ಮದು, ಇನ್ನೊಂದು ಕಾಲಿಗೆ ಪರರದು ಸಿಗುವುದನ್ನು ನೆನೆದು ಇಬ್ಬರೂ ನಕ್ಕೆವು.

ಕಸದ್ದು ಇನ್ನೊಂದು ಕತೆ. ಬೀದಿಗಳು ಕನ್ನಡಿಯ ಹಾಗಿವೆ, ಆದರೆ ಕಸದ ಡಬ್ಬಿಯೇ ಕಾಣುವುದಿಲ್ಲ! 1995ರ ಮಾರ್ಚಿನಲ್ಲಿ ಟೋಕಿಯೋದ ಸುರಂಗ ರೈಲಿನಲ್ಲಿ ಒಂದು ಪಂಥದವರು ವಿಷಾನಿಲ ಬಿಟ್ಟು ಜನರನ್ನು ಕೊಂದರು. ಆ ಬಳಿಕ ಭದ್ರತೆಗಾಗಿ ಸಾರ್ವಜನಿಕ ಸ್ಥಳಗಳಲ್ಲಿಯ ಎಷ್ಟೋ ಡಬ್ಬಿಗಳನ್ನು ಎತ್ತಿಬಿಟ್ಟರು. ಹಾಗಾದರೆ ಕಸ ಎಲ್ಲಿ ಹೋಯಿತು? ಜನರ ಕಿಸೆಗೆ, ಕೈಚೀಲಕ್ಕೆ, ಅಲ್ಲಿಂದ ಅವರವರ ಮನೆಗೆ. ಮನೆಯಲ್ಲಿ ಸುಡುವ ಕಸ ಬೇರೆ, ಪ್ಲಾಸ್ಟಿಕ್ ಬೇರೆ, ಬಾಟಲಿ, ಡಬ್ಬಿಗಳು ಬೇರೆ. ಒಂದೊಂದಕ್ಕೆ ಒಂದೊಂದು ವಾರ. ಹೊರಗಿಟ್ಟ ಚೀಲಗಳನ್ನು ಕಾಗೆ ಕುಕ್ಕಬಾರದೆಂದು ಮೇಲೆ ಬಲೆ ಹೊದಿಸುತ್ತಾರೆ. ತಿಥಿ, ವಾರ ನೋಡಿ ಕಸ ಚೆಲ್ಲುವ ಜನರನ್ನು ನಾವು ಅಲ್ಲಿಯೇ ಕಂಡದ್ದು. ಹಾಗೆಂದು ಅವರು ಕಸ ಮಾಡುವುದೇ ಇಲ್ಲವೆಂದಲ್ಲ. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಒಡೆದರೆ ಒಳಗೆ ಒಂದೊಂದು ಬಿಸ್ಕತ್ತಿಗೂ ಮತ್ತೆ ಬೇರೆ ಬೇರೆ ಪ್ಲಾಸ್ಟಿಕ್ ಅಂಗಿ!

ಈ ಅಭ್ಯಾಸ ಬಾಲ್ಯದಲ್ಲೇ ಮೈಗೂಡುತ್ತದೆ. ಶಾಲೆಯಲ್ಲಿ ಮಕ್ಕಳೇ ಕಸಬರಿಗೆ ಹಿಡಿದು ತಮ್ಮ ವರ್ಗದ ಕೋಣೆ, ಪಡಸಾಲೆಗಳನ್ನು ಗುಡಿಸಿ ಒರೆಸುತ್ತಾರೆ. ಇದು ಶಿಕ್ಷೆಯಲ್ಲ, ಪಾಠದ ಹಾಗೆ ಅದೂ ಒಂದು ಪಾಠ. ನಮ್ಮಲ್ಲಿ ಮಾಸ್ತರರು ಹುಡುಗನ ಕೈಗೆ ಕಸಬರಿಗೆ ಕೊಟ್ಟರೆ ಮರುದಿನ ಅವನ ಅಪ್ಪ ಜಗಳಕ್ಕೆ ಬರುತ್ತಾನೆ.

ರೈಲಿನಲ್ಲಿ ನೂರಾರು ಜನ ಒತ್ತೊತ್ತಾಗಿ ನಿಂತಿದ್ದರೂ ಮೌನ. ಫೋನಿನಲ್ಲಿ ಮಾತಾಡುವುದು ಅಸಭ್ಯತೆ. ಅದೇ ಜನ ನೂಡಲ್ಸ್ ಅಂಗಡಿಗೆ ಹೊಕ್ಕರೆ ಸುರ್ರ್ ಸುರ್ರ್ ಎಂದು ಸಪ್ಪಳ ಮಾಡುತ್ತ ಉಣ್ಣುತ್ತಾರೆ! ಅಲ್ಲಿ ಅದು ತಪ್ಪಲ್ಲ. ಬಸಿಯಲ್ಲಿ ಚಹಾ ಸುರಿದುಕೊಂಡು ಸಪ್ಪಳ ಮಾಡಿ ಕುಡಿಯುವ ನಮ್ಮ ಹಿರಿಯರು ಅಲ್ಲಿ ಸಭ್ಯರೆನಿಸಿಕೊಳ್ಳುತ್ತಿದ್ದರು. ಇನ್ನು, ಚಲಿಸುವ ಮೆಟ್ಟಿಲಿನ ಮೇಲೆ ಒಸಾಕಾದವರು ಬಲಕ್ಕೆ ನಿಂತರೆ ಟೋಕಿಯೋದವರು ಎಡಕ್ಕೆ ನಿಲ್ಲುತ್ತಾರೆ. ಊರಿಗೊಂದು ರೀತಿ ಎನ್ನುವುದು ಅಲ್ಲಿಯೂ ತಪ್ಪಿಲ್ಲ.

ಕಳೆದುಹೋದ ವಸ್ತು ಸಿಕ್ಕವರು ಅದನ್ನು ಬೀದಿಯ ಮೂಲೆಯ ಪೊಲೀಸ್ ಚೌಕಿಗೆ ಮುಟ್ಟಿಸುತ್ತಾರೆ. ಟೋಕಿಯೋ ನಗರವೊಂದರಲ್ಲೇ 2019ರಲ್ಲಿ ಪೊಲೀಸರ ಕೈ ಸೇರಿದ ಇಂಥ ವಸ್ತುಗಳು 40 ಲಕ್ಷಕ್ಕೂ ಹೆಚ್ಚು. ಛತ್ರಿಗಳದೇ ಒಂದು ದೊಡ್ಡ ಪಾಲು. ಛತ್ರಿ ಮರೆಯುವುದರಲ್ಲಿ ಜಗತ್ತೆಲ್ಲ ಒಂದೇ. ತಿರುಗಿ ಸಿಗುವುದರಲ್ಲಿ ಮಾತ್ರ ವ್ಯತ್ಯಾಸ.

ಇಷ್ಟೆಲ್ಲ ಹೊಗಳಿದ ಮೇಲೆ ಹೊಟ್ಟೆಯ ಮಾತಿಗೆ ಬರೋಣ. ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿ ನಿಜವಾದ ಪರೀಕ್ಷೆ. ತಟ್ಟೆಯಲ್ಲಿ ಬರೀ ಕಾಯಿಪಲ್ಲೆ ಕಂಡರೂ ನಂಬುವಂತಿಲ್ಲ. ಅವರ ಅಡಿಗೆಗೆಲ್ಲ ಬುನಾದಿ ದಾಶಿ ಎಂಬ ತಿಳಿಸಾರು. ಹೊಗೆ ಹಿಡಿಸಿ ಒಣಗಿಸಿದ ಮೀನನ್ನು ಕಟ್ಟಿಗೆಯ ಚಕ್ಕೆಯಂತೆ ಹೆರೆದು ಅದನ್ನು ಸಾಮಾನ್ಯವಾಗಿ ಕುದಿಸುತ್ತಾರೆ. ಮೀನಿಲ್ಲದೆ, ಬರೀ ಕೊಂಬುವಿನಿಂದ ಮಾಡುವ ದಾಶಿಯೂ ಉಂಟು. ಕೊಂಬು ಎಂದರೆ ಎಮ್ಮೆಯದಲ್ಲ, ಸಮುದ್ರದಲ್ಲಿ ಬೆಳೆಯುವ ಪಾಚಿ! 1908ರಲ್ಲಿ ಇಕೆದಾ ಕಿಕುನಾಯೆ ಎಂಬ ಪ್ರಾಧ್ಯಾಪಕರು ಅದರ ರುಚಿಯ ಮೂಲವನ್ನು ಹುಡುಕಿ ತೆಗೆದರು. ಅಜಿನೊಮೊಟೊ ಹುಟ್ಟಿದ್ದು ಅದರಿಂದಲೇ. ಸೊಸೆ ಜಪಾನಿ ಭಾಷೆಯಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದಳು: ಮಾಂಸ, ಮೀನು, ಮೊಟ್ಟೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡ; ಮೀನಿನ ಸಾರೂ ಬೇಡ. ಆ ಚೀಟಿ ಓದಿದವರು ಮೂರು ಸಲ ಬಾಗಿ ಕ್ಷಮೆ ಕೇಳಿ, ನಿಮಗೆ ಕೊಡುವಂಥದ್ದು ನಮ್ಮಲ್ಲಿಲ್ಲ ಎನ್ನುತ್ತಿದ್ದರು. ಅಷ್ಟು ವಿನಯದಿಂದ ನಮ್ಮನ್ನು ಯಾರೂ ಉಪವಾಸ ಕೆಡವಿರಲಿಲ್ಲ! ಆಗೆಲ್ಲ ಕಾಪಾಡಿದ್ದು ಶೇಂಗಾ ಚಟ್ನಿ.

ಹೊಟ್ಟೆ ತುಂಬ ಉಂಡದ್ದು ಕೋಯಾಸಾನ್ ಎಂಬ ಬೆಟ್ಟದ ಮೇಲೆ. ಒಸಾಕಾದಿಂದ ರೈಲು, ಆಮೇಲೆ ಹಗ್ಗದಿಂದ ಎಳೆಯುವ ಗಾಡಿಯಲ್ಲಿ ಹತ್ತಬೇಕು. ಕ್ರಿ.ಶ. 816ರಲ್ಲಿ ಕೂಕಾಯಿ ಎಂಬ ಬೌದ್ಧ ಆಚಾರ್ಯರು ನೆಲೆಗೊಳಿಸಿದ ಆ ಕ್ಷೇತ್ರದಲ್ಲಿ ಐವತ್ತರಷ್ಟು ಮಠಗಳಲ್ಲಿ ಯಾತ್ರಿಕರಿಗೆ ವಸತಿ ಇದೆ. ಅವರ ಶೋಜಿನ್ ಊಟದಲ್ಲಿ ಮಾಂಸ, ಮೀನುಗಳಷ್ಟೇ ಅಲ್ಲ, ಉಳ್ಳಾಗಡ್ಡಿ ಬೆಳ್ಳುಳ್ಳಿಗಳೂ ವರ್ಜ್ಯ! ಎಳ್ಳಿನ ತೋಫು, ಬೇಯಿಸಿದ ಕಾಯಿಪಲ್ಲೆ, ಅನ್ನ, ಉಪ್ಪಿನಕಾಯಿ. ಸಂಜೆ ಐದೂವರೆ, ಆರರ ಸುಮಾರಿಗೇ ಬಡಿಸುವುದರಿಂದ ಬೇಸಿಗೆಯಲ್ಲಿ ಹೋದವರಿಗೆ ಸೂರ್ಯಾಸ್ತದ ಚಿಂತೆಯೂ ಇಲ್ಲ. ಆದರೆ ಮೂಲಂಗಿ, ಗಜ್ಜರಿ, ಕಮಲದ ಗಡ್ಡೆ, ಅಣಬೆಗಳು ಇರುತ್ತವೆ. ಕಂದಮೂಲ ಬಿಟ್ಟವರು ಕೋಣೆ ಕಾದಿರಿಸುವಾಗಲೇ ತಿಳಿಸುವುದು ಒಳ್ಳೆಯದು. ಸಮೀಪದ ಕೋಬೆ ನಗರದಲ್ಲಿ 1985ರಲ್ಲಿ ಕಟ್ಟಿದ ಭಗವಾನ್ ಮಹಾವೀರರ ಮಂದಿರವಿದೆ, ದರ್ಶನ ತಪ್ಪಿಸಬೇಡಿ.

ಅಲ್ಲಿಯ ಐದು ಯೆನ್ ನಾಣ್ಯಕ್ಕೆ ನಡುವೆ ತೂತಿದೆ. ಅದನ್ನು ಗೋ-ಎನ್ ಎನ್ನುತ್ತಾರೆ. ಅದೇ ಉಚ್ಚಾರದ ಇನ್ನೊಂದು ಮಾತಿಗೆ ನಮ್ಮ ಋಣಾನುಬಂಧದಂಥ ಅರ್ಥವಿದೆ. ಆದ್ದರಿಂದ ಅದನ್ನು ದೇವರ ಪೆಟ್ಟಿಗೆಗೆ ಹಾಕುತ್ತಾರೆ. ಋಣ ನಮಗೆ ಗೊತ್ತಿರುವ ಶಬ್ದವೇ. ನಾವು ಮಾಡಿದ ಕಸ, ಗದ್ದಲ, ಕೊಳೆಗಳನ್ನು ಇನ್ನೊಬ್ಬರ ತಲೆಗೆ ಕಟ್ಟಿ ಬರುವುದೂ ಒಂದು ಋಣವೇ ಎನ್ನುವುದನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೋಡುವವರಿಲ್ಲದ ಓಣಿಯಲ್ಲೂ ಚಾಕಲೇಟಿನ ಕಾಗದವನ್ನು ಕಿಸೆಗೆ ಹಾಕಿಕೊಳ್ಳುವ ಆ ಶಾಲೆಯ ಮಕ್ಕಳು ಆ ಲೆಕ್ಕ ಕಲಿತಿದ್ದಾರೆ.

ಈ ಸಲ ಯಾತ್ರೆಗೆ ಬಸ್ಸು ಹೊರಡುವಾಗ ಬುತ್ತಿಯ ಚೀಲದ ಜೊತೆ ಒಂದು ಖಾಲಿ ಚೀಲವನ್ನೂ ಇಟ್ಟುಕೊಳ್ಳೋಣ. ಹೋಗುವಾಗ ಅದು ಖಾಲಿ, ಬರುವಾಗ ತುಂಬಿರಲಿ. ಪುಣ್ಯದ ಗಂಟು ಕಣ್ಣಿಗೆ ಕಾಣುವುದಿಲ್ಲ. ಈ ಗಂಟಾದರೂ ಕಾಣುತ್ತದೆ.