ಬಂಗಾರದ ಮೊಳೆಯೂ ಮಣ್ಣಿನ ಏರಿಯೂ

ಅಮೆರಿಕ ಖಂಡವನ್ನು ದಾಟಿದ ಮೊದಲ ರೈಲುಮಾರ್ಗದ ಮಾತು ಬಂದಾಗಲೆಲ್ಲ ಒಂದೇ ಚಿತ್ರವನ್ನು ಮುಂದಿಡುವುದು ವಾಡಿಕೆ: 1869ರ ಮೇ 10, ಯೂಟಾದ ಪ್ರಾಮಂಟರಿ ಘಾಟಿಯ ನೆತ್ತಿ, ಎದುರುಬದುರು ನಿಂತ ಎರಡು ಉಗಿಬಂಡಿಗಳು, ನಡುವೆ ಬಂಗಾರದ ಮೊಳೆ. ನನ್ನ ತಕರಾರು ಈ ಚಿತ್ರದ ಬಗೆಗೇ. ಆ ಮೊಳೆಯನ್ನು ಅಂದೇ ಕಿತ್ತು, ಕಬ್ಬಿಣದ ಮೊಳೆ ಬಡಿಯಲಾಯಿತು. ಉಳಿದಿರುವ ಸಾಕ್ಷಿ ಬೇರೆಯೇ ಇದೆ.

ಮರಳುಗಾಡಿನ ಆ ಘಾಟಿಯ ಪೂರ್ವದ ಇಳಿಜಾರಿನಲ್ಲಿ ಒಂದಲ್ಲ, ಎರಡು ರೈಲು ಏರಿಗಳು ಅಕ್ಕಪಕ್ಕದಲ್ಲೇ ಸಾಗುತ್ತವೆ. ಬಂಡೆ ಸಿಡಿಸಿ ತೋಡಿದ ದಾರಿಗಳೂ ಜೋಡಿಯಾಗಿವೆ. ಒಂದು ಕಮರಿಯನ್ನು ಸೆಂಟ್ರಲ್ ಪೆಸಿಫಿಕ್ ಕಂಪನಿ ಮಣ್ಣು ತುಂಬಿಸಿ ದಾಟಿದರೆ, ಯೂನಿಯನ್ ಪೆಸಿಫಿಕ್ ಅದರ ಮಗ್ಗುಲಲ್ಲೇ ಮರದ ಸೇತುವೆ ಕಟ್ಟಿತು. ಕೆಲಕಾಲದಲ್ಲೇ ಸೇತುವೆಯನ್ನು ಕೈಬಿಟ್ಟು ಬಂಡಿಗಳನ್ನು ಮಣ್ಣಿನ ಏರಿಯ ಮೇಲೆ ಓಡಿಸಿದರು.

ಈ ಇಮ್ಮಡಿ ದುಡಿಮೆ ಏಕೆ? 1862ರ ಕಾಯಿದೆಯಂತೆ ಸರ್ಕಾರದ ಸಾಲಪತ್ರ ಮೈಲಿಯ ಲೆಕ್ಕದಲ್ಲಿ ಸಿಗುತ್ತಿತ್ತು: ಬಯಲಿನಲ್ಲಿ 16,000 ಡಾಲರು, ಕಡಿದಾದ ಬೆಟ್ಟಗಳಲ್ಲಿ 48,000. ಜೊತೆಗೆ ಭೂಮಿ. ಆದರೆ ಎರಡು ಕಂಪನಿಗಳು ಎಲ್ಲಿ ಕೂಡಬೇಕೆಂಬುದನ್ನು ಗೊತ್ತುಪಡಿಸಿರಲಿಲ್ಲ. ಫಲವಾಗಿ ಅವು ಒಂದನ್ನೊಂದು ದಾಟಿ 200 ಮೈಲಿಗೂ ಹೆಚ್ಚು ದೂರ ಸಮಾನಾಂತರವಾಗಿ ನೆಲ ಅಗೆದವು. 1869ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ನಡುವೆ ಬಂದ ಮೇಲಷ್ಟೇ ಅದು ನಿಂತಿತು.

ಪೈಪೋಟಿಯಿಂದಲೇ ಕೆಲಸ ಬೇಗ ಮುಗಿಯಿತು ಎಂದು ವಾದಿಸುವವರಿದ್ದಾರೆ. ಹಳಿ ಹಾಕುವ ವೇಗದ ಮಟ್ಟಿಗೆ ಒಪ್ಪೋಣ. ಆದರೆ ಒಂದನ್ನೊಂದು ಆಗಲೇ ದಾಟಿಹೋದ ಏರಿಗಳು ಮಾರ್ಗವನ್ನು ಅಂಗುಲದಷ್ಟಾದರೂ ಕೂಡಿಸಿದವೇ? ಎಂದೂ ಹಳಿ ಕಾಣದ ಆ ಮಣ್ಣನ್ನು ಹೊತ್ತವರು ಚೀನೀ ಕೂಲಿಗಳು, ಐರಿಷ್ ವಲಸಿಗರು, ಮಾರ್ಮನ್ ಪಂಥದ ಸ್ಥಳೀಯರು. ಚೀನೀಯರಿಗೆ ದೊರೆತ ಪ್ರತಿಫಲವೇನು? 1882ರಲ್ಲಿ, ಅವರ ದೇಶದ ಕೂಲಿಕಾರರಿಗೆ ಬಾಗಿಲು ಮುಚ್ಚಿದ ಕಾಯಿದೆ!

1904ರಲ್ಲಿ ಉಪ್ಪುಸರೋವರದ ಮೇಲೆಯೇ ನೇರ ಮಾರ್ಗವಾಗಿ, ಘಾಟಿಯ ದಾರಿ ಮೂಲೆಗೆ ಬಿತ್ತು. 1942ರಲ್ಲಿ ಯುದ್ಧದ ಅಗತ್ಯಕ್ಕೆ ಹಳಿಗಳನ್ನೂ ಕಿತ್ತೊಯ್ದರು. ಏರಿಗಳು ಮಾತ್ರ ಉಳಿದವು. ಇಂದು ಅವು ರಾಷ್ಟ್ರೀಯ ಉದ್ಯಾನದ ರಕ್ಷಣೆಯಲ್ಲಿವೆ.

ಮೊಳೆ ಹೊಡೆದ ದಿನ ಯಾವುದೆಂಬ ಪ್ರಶ್ನೆಗೆ ಒಂದು ಅಂಕ ಸಾಕು. ಹಳಿಯಿಲ್ಲದ ಏರಿಯನ್ನು ಯಾರ ಬೆವರಿನಿಂದ, ಯಾರ ಹಣದ ಭರವಸೆಯಲ್ಲಿ, ಯಾವ ಕಾಯಿದೆಯ ಲೋಪದಿಂದ ಕಟ್ಟಲಾಯಿತು ಎಂಬ ಪ್ರಶ್ನೆಗೆ ಹತ್ತು ಅಂಕ ಮೀಸಲಿಡಬೇಕು. ಇತಿಹಾಸವನ್ನು ಕಲಿಸುವುದೆಂದರೆ ಅದು.