ಎಂಜಿನ್ ಬಿಚ್ಚೂಕಿಂತ ಮೊದ್ಲ ಕಾರ್ಬುರೇಟರ್ ನೋಡ್ರಿ

ಹಳೇ ಗಾಡಿ ಎಂಜಿನ್ ಕೆಲಸಾ ಮಾಡಿಸಿಕೊಂಡು ಮನಿಗೆ ಬಂದು, ಎರಡ ದಿನಕ್ಕ ಪೆಟ್ರೋಲ್ ಸೋರ್ಲಿಕ್ಕೆ ಶುರು ಆದ್ರ ಗಂಡಸರೆಲ್ಲಾ ಒಂದ ಮಾತು ಹೇಳ್ತಾರ: "ಹೊಸಾ ಎಂಜಿನ್, ಬಿಗಿ ಅದ, ಓಡಿಸ್ತಾ ಓಡಿಸ್ತಾ ಸರಿ ಆಗ್ತದ." ನಾ ಇದನ್ನ ಒಪ್ಪೂದಿಲ್ಲ. ಬಿಗಿ ಇರೂದು ಬ್ಯಾರೆ, ಸೋರೂದು ಬ್ಯಾರೆ. ಬಿಗಿ ಇದ್ರ ಕಿಕ್ ಹೊಡಿಯೋ ಕಾಲು ನೋಯ್ತದ, ಅಷ್ಟ. ಪೆಟ್ರೋಲ್ ಯಾಕ ಸೋರಬೇಕು?

ಇದು ನಮಗ್ಯಾಕ ಬೇಕು ಅಂತೀರೇನು ವೈನಿ? ನಮ್ಮನಿ 100 ಸಿಸಿ ಗಾಡಿಗೆ ಬೋರ್, ಪಿಸ್ಟನ್, ರಿಂಗ್ ಮಾಡಿಸಿದ್ದು ನನ್ನ ಭಿಶಿ ರೊಕ್ಕದಾಗ. ಗ್ಯಾರೇಜಿನವನು "ಮತ್ತ ಹೆಡ್ ಬಿಚ್ಚಬೇಕು" ಅಂದಾಗ ಕೇಳೋ ಹಕ್ಕು ನನಗದ. "ಪೈಲೆ ಕಾರ್ಬುರೇಟರ್ ಬಿಚ್ಚಪಾ" ಅಂದೆ. ಒಂದು ಸಣ್ಣ ಸೂಜಿ ಬದಲಿಸೂದ್ರಾಗ ಕೆಲಸಾ ಮುಗೀತು.

ಕಾರ್ಬುರೇಟರ್ ಅಂದ್ರ ಅಂಥಾ ದೊಡ್ಡ ವಿದ್ಯಾ ಏನಲ್ಲ. ನಮ್ಮ ಮಾಳಗಿ ಮ್ಯಾಲಿನ ನೀರಿನ ಟಾಕಿ ನೋಡ್ರಿ. ನೀರು ಏರಿದಂಗ ಚೆಂಡು ತೇಲಿ ಮ್ಯಾಲೆ ಬರ್ತದ, ನಳಾ ಬಂದ್ ಆಗ್ತದ. ಚೆಂಡಿನ್ಯಾಗ ನೀರು ಹೊಕ್ಕರ, ಇಲ್ಲಾ ವಾಶರ್ ಸವದ್ರ, ಟಾಕಿ ತುಂಬಿ ಹರೀತದ. ಕಾರ್ಬುರೇಟರಿನ ಕೆಳಗಿನ ಬಟ್ಟಲದಾಗೂ ಹಂಗ. ಫ್ಲೋಟ್ ತೇಲ್ತದ, ಒಂದು ಸೂಜಿ ದಾರಿ ಮುಚ್ಚತದ. ಟಾಕಿ ತುಂಬಿ ಹರದ್ರ ಮನಿ ಗ್ವಾಡಿ ಕೆಡವ್ತೀವೇನು?

ಹಂಗಾರ ಎಂಜಿನ್ ಕೆಲಸಾ ಆದಮ್ಯಾಲೇ ಯಾಕ ಸೋರ್ತದ? ಬೋರ್ ಮಾಡಿಸಿ, ಸಾಮಾನು ಬಂದು, ಕಟ್ಟೂತನಾ ಗಾಡಿ ವಾರಗಟ್ಟಲೆ ನಿಂತಿರ್ತದ. ಬಟ್ಟಲದಾಗಿನ ಪೆಟ್ರೋಲ್ ಆರಿ, ತಳದಾಗ ಅಂಟು ಹಿಡೀತದ. ಟ್ಯಾಂಕಿನ ತುಕ್ಕು ಕೆಳಗ ಇಳೀತದ. ಒಂದು ಕಸದ ಕಣ ಸೂಜಿ ತುದಿಗೆ ಸಿಕ್ಕರ ಸಾಕು, ದಾರಿ ಪೂರಾ ಮುಚ್ಚೂದಿಲ್ಲ. ಎಂಜಿನ್ನಿಗೆ ಸಾವಿರಗಟ್ಟಲೆ ಕೊಡೋ ಮಂದಿ "ಕಾರ್ಬುರೇಟರ್ ಹಳೇದ ಇರ್ಲಿ, ನಡೀತದ" ಅಂತಾರ. ಹೊಸಾ ಸೀರಿಗೆ ಹರಕ ಫಾಲ್ ಹಚ್ಚಿದಂಗ.

ನೋಡೋ ಕ್ರಮಾ ಹಿಂಗ. ಪೈಲೆ ಚೋಕ್ ಎಳದಲ್ಲೇ ಉಳದದೇನು ನೋಡ್ರಿ. ಆಮ್ಯಾಲೆ ಪೆಟ್ರೋಲ್ ಕಾಕ್ ತಗದು, ಕಾರ್ಬುರೇಟರಿನ ಕೆಳಗಿನ ಸಣ್ಣ ಪೈಪಿನಿಂದ ಹನಿ ಬೀಳ್ತದೇನು ನೋಡ್ರಿ. ಬಿದ್ರ ತಪ್ಪು ಸೂಜಿದು ಇಲ್ಲಾ ಫ್ಲೋಟಿಂದು. ಬಟ್ಟಲಾ ಬಿಚ್ಚಿಸಿ, ಕಸಾ ತಗಸ್ರಿ. ಸೂಜಿ ತುದಿಗೆ ಸುತ್ತಲೂ ಗೆರಿ ಬಿದ್ದಿದ್ರ ಹೊಸಾದು ಹಾಕ್ಸ್ರಿ. ಫ್ಲೋಟ್ ಕಿವಿ ಹತ್ರ ಅಲ್ಲಾಡಿಸಿದಾಗ ಒಳಗ ಪೆಟ್ರೋಲ್ ಕುಲುಕಿದ ಸಪ್ಪಳಾ ಬಂದ್ರ ಅದೂ ಹೋಗ್ಯದ. ಹನಿ ಬೀಳೂದಿಲ್ಲ, ಆದ್ರೂ ಪ್ಲಗ್ ಒದ್ದಿ ಅದ ಅಂದ್ರ ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲಾ ಕಿಡಿನೇ ಸರಿ ಬರ್ಲಿಕ್ಕಿಲ್ಲ. ಇವನ್ನೆಲ್ಲಾ ನೋಡಿದಮ್ಯಾಲೇ ಎಂಜಿನ್ ಮಾತು.

ಭಾಳ ಮುಖ್ಯದ್ದು ಇನ್ನ ಹೇಳ್ತೀನಿ. ಆ ಸಣ್ಣ ಪೈಪ್ ಕಟ್ಟಿದ್ರ ಹೆಚ್ಚಾದ ಪೆಟ್ರೋಲ್ ಹೊರಗ ಬೀಳೂದಿಲ್ಲ, ಎಂಜಿನ್ ಒಳಗ ಹೋಗಿ, ಪಿಸ್ಟನ್ ಬಾಜೂದಿಂದ ಇಳದು ಆಯಿಲಿನ್ಯಾಗ ಕೂಡ್ತದ. ಆಯಿಲ್ ತೆಳ್ಳಗ ಆಗ್ತದ, ಗ್ವಾಡಿಗೆ ಹತ್ತಿದ ಆಯಿಲ್ ಪದರಾ ತೊಳದು ಹೋಗ್ತದ. ಹೊಸಾ ರಿಂಗ್ ಹೊಸಾ ಬೋರಿಗೆ ಕೂಡೋ ದಿನಾನ ಇವು. ಆಗ ಒಣಾ ತಿಕ್ಕಿದ್ರ ನಮ್ಮ ರೊಕ್ಕ ಅಲ್ಲೇ ಸವೀತದ. ಆಯಿಲ್ ನೋಡೋ ಕಡ್ಡಿ ತಗದು ಮೂಸಿ ನೋಡ್ರಿ. ಪೆಟ್ರೋಲ್ ವಾಸನಿ ಬಂದ್ರ, ಇಲ್ಲಾ ಮಟ್ಟ ಏರಿದ್ರ, ಮತ್ತ ಮತ್ತ ಕಿಕ್ ಹೊಡಸಬ್ಯಾಡ್ರಿ. ಸೋರೂದು ನಿಲ್ಲಿಸಿ, ಆಯಿಲ್ ಬದಲಿಸಿನೇ ಚಾಲೂ ಮಾಡಸ್ರಿ.

ರೊಕ್ಕಕ್ಕಿಂತ ದೊಡ್ಡ ಮಾತು ಜೀವದ್ದು. ಕಳ್ಳರ ಅಂಜಿಕಿಗೆ ನಮ್ಮ ಓಣ್ಯಾಗ ಎಷ್ಟೋ ಮಂದಿ ರಾತ್ರಿ ಗಾಡಿ ಪಡಸಾಲ್ಯಾಗ ಹಚ್ತಾರ. ಆಚೆ ಅಡಗಿಮನಿ ಗ್ಯಾಸ್, ಈಚೆ ದೇವರ ದೀಪಾ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಾ ಹಿಡಕೊಂಡು ಹರೀತದ. ಸೋರೋ ಗಾಡಿ ಒಳಗ ಬ್ಯಾಡೇ ಬ್ಯಾಡ. ಸೋರದಿದ್ರೂ ಕಾಕ್ ಬಂದ್ ಮಾಡೂದು, ಹಾಲಿಗೆ ಹೆಪ್ಪು ಹಾಕಿದಂಗ, ದಿನದ ರೂಢಿ ಆಗಬೇಕು.

2020ರ ಏಪ್ರಿಲ್‌ನ್ಯಾಗ ಬಿಎಸ್6 ನಿಯಮ ಬಂದಮ್ಯಾಲೆ ಹೊಸಾ ಗಾಡಿಗೆ ಹೆಚ್ಚಾಗಿ ಕಾರ್ಬುರೇಟರ್ ಇರೂದಿಲ್ಲ, ಇಂಜೆಕ್ಷನ್ ಇರ್ತದ. ಆದ್ರ ನಮ್ಮಂಥವರ ಮನ್ಯಾಗ ಹಳೇ ಗಾಡಿ ಇನ್ನೂ ದುಡೀಲಿಕತ್ತಾವ. ಎಂಜಿನ್ ಕೆಲಸಕ್ಕ ಕೊಡೂ ಮುಂದ "ಕಾರ್ಬುರೇಟರ್, ಟ್ಯಾಂಕ್ ಎರಡೂ ತೊಳದು, ಸೂಜಿ ನೋಡಿ ಕೊಡ್ರಿ" ಅಂತ ಬಾಯಿ ಬಿಟ್ಟು ಹೇಳ್ರಿ. "ನಿಮಗೇನ್ ತಿಳೀತದ ಅಕ್ಕಾರ" ಅಂದ್ರ ಟಾಕಿ ಚೆಂಡಿನ ಮಾತು ತಗೀರಿ. ಸುಮ್ನಾಗ್ತಾರ.