ಪದವಿಗೆ ಪ್ರವೇಶ: ಅಂಕ, ರ‍್ಯಾಂಕ್, ಕಾಗದಪತ್ರ

ಕರ್ನಾಟಕದಲ್ಲಿ ಪದವಿ ವ್ಯಾಸಂಗಕ್ಕೆ ಮೂಲ ಅರ್ಹತೆ ದ್ವಿತೀಯ ಪಿಯುಸಿ ಅಥವಾ ಅದಕ್ಕೆ ಸಮಾನವಾದ ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆ. ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆದು, ಬಂದ ಅಂಕಗಳಲ್ಲಿ ಹೆಚ್ಚಿನದನ್ನು ಉಳಿಸಿಕೊಳ್ಳುವ ಅವಕಾಶ ಬಂದಿದೆ. ‘ಪೂರಕ ಪರೀಕ್ಷೆಯಲ್ಲಿ ಪಾಸಾದವರು’ ಎಂಬ ಹಣೆಪಟ್ಟಿ ಇದರಿಂದ ಕಳಚಿತು. ಇದು ಸಣ್ಣ ಸುಧಾರಣೆಯಲ್ಲ.

ಆದರೆ ಯಾವ ಪದವಿಗೆ ಹೋಗಬಹುದು ಎಂಬುದರ ಬಹುಪಾಲು ನಿರ್ಧಾರವಾಗುವುದು ಪಿಯುಸಿ ಮುಗಿದಾಗಲ್ಲ, ಅದಕ್ಕೆ ಸೇರಿದಾಗ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ, ಹದಿನಾರರ ಆಸುಪಾಸಿನ ಮಕ್ಕಳು ಪಿಸಿಎಂಬಿ, ಪಿಸಿಎಂಸಿ, ಎಸ್‌ಇಬಿಎ, ಹೆಚ್‌ಇಪಿಎಸ್ ಎಂಬ ಅಕ್ಷರಪುಂಜಗಳಲ್ಲಿ, ಅಂದರೆ ವಿಷಯಗಳ ಕಾಂಬಿನೇಷನ್ನುಗಳಲ್ಲಿ, ಒಂದನ್ನು ಆರಿಸಿಕೊಳ್ಳುತ್ತಾರೆ. ವಿಜ್ಞಾನ ಓದಿದವರು ಮುಂದೆ ಬಿ.ಎ.ಗೂ ಬಿ.ಕಾಂ.ಗೂ ಸೇರಬಹುದು; ಕಲಾ ವಿಭಾಗದವರು ಬಿ.ಎಸ್‌ಸಿ. ಭೌತಶಾಸ್ತ್ರಕ್ಕಾಗಲಿ ಎಂಜಿನಿಯರಿಂಗಿಗಾಗಲಿ ಸೇರುವಂತಿಲ್ಲ. ಜೀವಶಾಸ್ತ್ರದ ಬದಲು ಗಣಕ ವಿಜ್ಞಾನ ತೆಗೆದುಕೊಂಡವರಿಗೆ ವೈದ್ಯಕೀಯವೂ ಕೃಷಿ ಪದವಿಯೂ ಬಹುಮಟ್ಟಿಗೆ ಅಲ್ಲಿಗೇ ಮುಗಿದಂತೆ. ‘ಸೈನ್ಸ್ ತಗೊಂಡ್ರೆ ಯಾವುದಕ್ಕಾದ್ರೂ ಹೋಗಬಹುದು’ ಎಂಬ ಪೋಷಕರ ವಾದ ನಿಯಮದ ಮಟ್ಟಿಗೆ ಸರಿಯೇ. ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳತ್ತ ಒಲವಿದ್ದ ಎಷ್ಟೋ ಮಕ್ಕಳು ಎರಡು ವರ್ಷ ಕಲನಶಾಸ್ತ್ರದೊಡನೆ ಗುದ್ದಾಡಿ ಸೊರಗುವುದಕ್ಕೂ ಇದೇ ವಾದ ಕಾರಣ.

ಸಾಮಾನ್ಯ ಪದವಿಗಳ ಪ್ರವೇಶ ಸರಳ. ಬಿ.ಎ., ಬಿ.ಕಾಂ., ಬಿ.ಬಿ.ಎ., ಬಿ.ಎಸ್‌ಸಿ.ಗಳಿಗೆ ರಾಜ್ಯದ ವಿಶ್ವವಿದ್ಯಾಲಯಗಳ ಕಾಲೇಜುಗಳು ಸಾಮಾನ್ಯವಾಗಿ ಪಿಯುಸಿ ಅಂಕ ಮತ್ತು ಮೀಸಲಾತಿಯ ಆಧಾರದ ಮೇಲೆ ಸೇರಿಸಿಕೊಳ್ಳುತ್ತವೆ. ಅರ್ಜಿ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. ಇಲ್ಲಿ ಗೊಂದಲವಾದದ್ದು ಪ್ರವೇಶದಲ್ಲಲ್ಲ, ಅವಧಿಯಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಎನಿಸಿಕೊಂಡ ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಆರಂಭಿಸಿ, 2024-25ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ನಡುವಿನ ಮೂರು ವರ್ಷಗಳಲ್ಲಿ ಸೇರಿದವರು ಒಂದು ಚೌಕಟ್ಟಿನಲ್ಲಿ, ಹಿಂದಿನವರೂ ಮುಂದಿನವರೂ ಇನ್ನೊಂದರಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ದಾರಿ ಬೇರೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಸೇರಿದಂತೆ ಇವು 2022ರಿಂದ ಸಿಯುಇಟಿ ಪರೀಕ್ಷೆಯ ಅಂಕ ಕೇಳುತ್ತವೆ. ಅದನ್ನು ಕನ್ನಡದಲ್ಲೂ ಬರೆಯಬಹುದೆಂಬುದು ಹಲವು ಪಿಯು ಕಾಲೇಜುಗಳಿಗೆ ಇನ್ನೂ ತಲುಪದ ಸುದ್ದಿ.

ವೃತ್ತಿಪರ ಕೋರ್ಸುಗಳ ಕಥೆ ಉದ್ದ, ಅದರ ಮುಖ್ಯ ಅಧ್ಯಾಯಗಳು ನ್ಯಾಯಾಲಯದಲ್ಲಿ ನಡೆದಂಥವು. ಖಾಸಗಿ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು ಹೆಚ್ಚಿದಂತೆ ಕರ್ನಾಟಕ ‘ಡೊನೇಷನ್ ಸೀಟಿ’ನ ರಾಜ್ಯವೆಂದು ಹೆಸರಾಯಿತು. 1984ರಲ್ಲಿ ಇಂಥ ಡೊನೇಷನ್ನನ್ನು, ಅಂದರೆ ಕ್ಯಾಪಿಟೇಷನ್ ಶುಲ್ಕವನ್ನು, ನಿಷೇಧಿಸುವ ಕಾಯ್ದೆ ಬಂತು. ಆದರೂ 1989ರ ಸರ್ಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ ಶುಲ್ಕ ಗೊತ್ತುಮಾಡಿತು. ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧವೆಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಖಾಸಗಿ ಕಾಲೇಜುಗಳ ಸೀಟುಗಳನ್ನು ‘ಉಚಿತ’, ‘ಪಾವತಿ’ ಎಂದು ಅರ್ಧರ್ಧ ಹಂಚಿ, ಎರಡನ್ನೂ ಅರ್ಹತೆಯ ಮೇಲೆಯೇ ತುಂಬಬೇಕೆಂದಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಸುವ ಸಿಇಟಿ ಘಟಕ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಹಳ್ಳಿಯ ಹುಡುಗಿಯೊಬ್ಬಳು ಯಾರ ಶಿಫಾರಸೂ ಇಲ್ಲದೆ, ಬರೀ ರ‍್ಯಾಂಕಿನ ಬಲದಿಂದ ಬೆಂಗಳೂರಿನ ದೊಡ್ಡ ಕಾಲೇಜಿಗೆ ಸೇರುವುದು ಸಾಮಾನ್ಯ ಸಂಗತಿಯಾದದ್ದು ಆಮೇಲೆಯೇ.

ಆ ಏರ್ಪಾಡು ಹಾಗೆಯೇ ಉಳಿಯಲಿಲ್ಲ. 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಉನ್ನಿಕೃಷ್ಣನ್ ಯೋಜನೆಯನ್ನು ಕೈಬಿಟ್ಟಿತು. 2005ರ ಇನಾಮದಾರ್ ತೀರ್ಪು ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ತನ್ನ ಕೋಟಾ ಹೇರುವಂತಿಲ್ಲ ಎಂದಿತು. ಇಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಸೀಟುಗಳು ಮೂರು ಪಾಲಾಗಿರುವುದು ಇದರ ಫಲ: ಸರ್ಕಾರಿ ಕೋಟಾ ಸಿಇಟಿಗೆ, ಒಂದು ಪಾಲು ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್-ಕೆ ಪರೀಕ್ಷೆಗೆ, ಉಳಿದದ್ದು ಆಡಳಿತ ಮಂಡಳಿಗೆ. ಸರ್ಕಾರಕ್ಕೂ ಕಾಲೇಜುಗಳಿಗೂ ನಡುವಿನ ಒಪ್ಪಂದದ ಮೇಲೆ ಇದೆಲ್ಲ ನಿಂತಿರುವುದರಿಂದ ಶುಲ್ಕದ ಚೌಕಾಸಿ ಪ್ರತಿ ಬೇಸಿಗೆಯ ಸುದ್ದಿ.

ಸಿಇಟಿ ನಡೆಸುವುದು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಒಂದೊಂದು ವಿಷಯಕ್ಕೆ 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗಿಗೆ ಅರ್ಜಿ ಹಾಕಲು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಒಟ್ಟು ಶೇ 45, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಇರಬೇಕು. ರ‍್ಯಾಂಕಿಗೆ ಪಿಯುಸಿ ಮತ್ತು ಸಿಇಟಿಯ ಶೇಕಡಾವಾರು ಅಂಕಗಳನ್ನು ಸಮನಾಗಿ ಸೇರಿಸುತ್ತಾರೆ. ಪಿಯುಸಿಯಲ್ಲಿ ಶೇ 90, ಸಿಇಟಿಯಲ್ಲಿ ಶೇ 50 ಪಡೆದವರ ಸರಾಸರಿ 70. ಪಿಯುಸಿಯಲ್ಲಿ 70, ಸಿಇಟಿಯಲ್ಲಿ 80 ಪಡೆದವರದು 75. ಎರಡನೆಯವರೇ ಮುಂದೆ. ಕೋಚಿಂಗ್ ಕೇಂದ್ರಗಳು ಬೆಳೆದಿರುವುದು ಈ ಲೆಕ್ಕದ ಮೇಲೆಯೇ. ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾದ 2021ರಲ್ಲಿ ಸಿಇಟಿ ಅಂಕವನ್ನಷ್ಟೇ ಪರಿಗಣಿಸಿದ್ದರು. ಆ ತಂಡದವರು ಮರುವರ್ಷ ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕ ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂಬ ವ್ಯಾಜ್ಯ ಹೈಕೋರ್ಟಿನವರೆಗೂ ಹೋಯಿತು. 2024ರಲ್ಲಿ ಪಠ್ಯಕ್ರಮದಾಚೆಯ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಯಿತು. ಮೂವತ್ತು ವರ್ಷ ಹಳೆಯದಾದ ಪರೀಕ್ಷೆಗೆ ಇದು ಒಪ್ಪುವ ಮಾತಲ್ಲ.

ರ‍್ಯಾಂಕ್ ಬಂದರಾಯಿತು ಎನ್ನುವಂತಿಲ್ಲ. ಅದರ ಹಿಂದೆ ಕಾಗದಪತ್ರಗಳಿರಬೇಕು. ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದು ಹೆಚ್ಚಿನವರಿಗೆ ಅನ್ವಯವಾಗುವ ನಿಯಮ. ಅಪ್ಪನ ಕೂಲಿಯ ಜೊತೆ ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋಗಿಬಂದ ಉತ್ತರ ಕರ್ನಾಟಕದ ಮಕ್ಕಳಿಗೆ ಈ ಏಳು ವರ್ಷದ ಲೆಕ್ಕ ಕಷ್ಟದ್ದು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 15ರ ಗ್ರಾಮೀಣ ಕೋಟಾ ಇದೆ. ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿದವರು ಹಿಂದಿನ ಏಳು ವರ್ಷ ಕನ್ನಡದಲ್ಲಿ ಓದಿದ್ದರೂ ಆ ಕೋಟಾದಿಂದ ಹೊರಗೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲಾತಿ 2022ರಲ್ಲಿ ಶೇ 15ರಿಂದ 17ಕ್ಕೆ, ಶೇ 3ರಿಂದ 7ಕ್ಕೆ ಏರಿತು. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಆ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು.

ಗಡಿಯಾಚೆಯ ಕನ್ನಡಿಗರಿಗೂ ಇಲ್ಲಿ ಜಾಗವಿದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ನೆಲೆಸಿದ, ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರು ಗಡಿನಾಡ ಕನ್ನಡಿಗರಾಗಿಯೂ, ಬೇರೆ ರಾಜ್ಯಗಳಲ್ಲಿರುವವರು ಹೊರನಾಡ ಕನ್ನಡಿಗರಾಗಿಯೂ ಅರ್ಜಿ ಹಾಕಬಹುದು. ಇವರಿಗೆ ಕೆಇಎ ಪ್ರತ್ಯೇಕವಾಗಿ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ರಾಜ್ಯದೊಳಗೆ ಬೆಳೆದ ಎಷ್ಟೋ ಮಕ್ಕಳಿಗೆ ಅಂಥ ಪರೀಕ್ಷೆ ಇಟ್ಟರೆ ಫಲಿತಾಂಶ ಏನಾದೀತು ಎಂದು ಯಾರೂ ಕೇಳುವುದಿಲ್ಲ.

ಕೃಷಿ ಪದವಿಯ ಕೋಟಾ ಇವೆಲ್ಲಕ್ಕಿಂತ ಸ್ವಾರಸ್ಯದ್ದು. ರೈತರ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಉಂಟು. ಬೀಜ, ಕಳೆ, ಉಪಕರಣಗಳನ್ನು ಗುರುತಿಸಿ ಹೇಳಬೇಕು. ಹೊಲದಲ್ಲಿ ಕಲಿತದ್ದಕ್ಕೆ ಅಂಕ ಸಿಗುವ ಪ್ರವೇಶ ಪರೀಕ್ಷೆಗಳು ತೀರಾ ಕಡಿಮೆ.

ವೈದ್ಯಕೀಯಕ್ಕೆ ಸಿಇಟಿ ಈಗ ಲೆಕ್ಕಕ್ಕಿಲ್ಲ. 2016ರಿಂದ ರಾಷ್ಟ್ರಮಟ್ಟದ ನೀಟ್ ಪರೀಕ್ಷೆ ಬಂದಿದೆ. 180 ಪ್ರಶ್ನೆ, 720 ಅಂಕ. ಸರ್ಕಾರಿ ಕಾಲೇಜುಗಳ ಶೇ 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದದ್ದನ್ನು ಕೆಇಎ ಹಂಚುತ್ತದೆ. 2017ರಿಂದ ಕನ್ನಡದಲ್ಲೂ ನೀಟ್ ಬರೆಯಬಹುದು. ಸೇರಿದ ಮೇಲಿನ ಪಾಠ ಇಂಗ್ಲಿಷಿನದೇ. ವಾಸ್ತುಶಿಲ್ಪಕ್ಕೆ ನಾಟಾ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲ್ಯಾಟ್ ಎಂಬ ಪ್ರತ್ಯೇಕ ಪ್ರವೇಶ ಪರೀಕ್ಷೆಗಳಿವೆ.

ಪರೀಕ್ಷೆ ಮುಗಿದ ಮೇಲೆ ಆಪ್ಷನ್ ಎಂಟ್ರಿ. ಹಿಂದೆ ಅಭ್ಯರ್ಥಿಗಳು ರ‍್ಯಾಂಕಿನ ಸರದಿಯಂತೆ ಕೌನ್ಸೆಲಿಂಗಿಗೆ ಹಾಜರಾಗಿ ಸೀಟು ಆರಿಸಿಕೊಳ್ಳುತ್ತಿದ್ದರು; ಈಗ ಮನೆಯಲ್ಲೇ ಕಾಲೇಜು ಮತ್ತು ಕೋರ್ಸುಗಳ ಪಟ್ಟಿ ತುಂಬಬೇಕು. ಇಲ್ಲಿ ಮೋಸಹೋಗುವವರು ಬಹಳ. ‘ಸಿಗುವ ಕಾಲೇಜನ್ನೇ ಮೇಲೆ ಬರೆಯೋಣ’ ಎಂಬ ಜಾಣತನ ಕೆಲಸ ಮಾಡದು. ಗಣಕಯಂತ್ರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತ, ರ‍್ಯಾಂಕಿಗೆ ಸಿಗುವ ಮೊದಲ ಸೀಟಿನಲ್ಲೇ ನಿಲ್ಲುತ್ತದೆ. ಅದರ ಕೆಳಗಿರುವುದನ್ನು ನೋಡುವುದೇ ಇಲ್ಲ. ಆದ್ದರಿಂದ ಬೇಕೆನಿಸಿದ್ದನ್ನು ಬೇಕೆನಿಸಿದ ಕ್ರಮದಲ್ಲೇ ಬರೆಯಬೇಕು. ಸಿಗದ ಕಾಲೇಜನ್ನು ಮೇಲೆ ಬರೆದರೆ ನಷ್ಟವೇನಿಲ್ಲ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆ: ಒಪ್ಪಿ ಸೇರುವುದು, ಒಪ್ಪಿಯೂ ಮುಂದಿನ ಸುತ್ತಿಗೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿಕೊಂಡು ಕೈಯಲ್ಲಿದ್ದ ಸೀಟನ್ನೇ ಕಳೆದುಕೊಂಡವರಿದ್ದಾರೆ.

ಪಿಯುಸಿ ಓದದವರಿಗೂ ದಾರಿಯಿದೆ. ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ದುಡಿಯುತ್ತಲೇ ಓದುವವರಿಗೆ 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಅದಕ್ಕೆ ಮಾತ್ರ ಪಿಯುಸಿ ಅಥವಾ ತತ್ಸಮಾನ ಅರ್ಹತೆ ಬೇಕು.

ಪ್ರೌಢಶಾಲೆಗಳ ಶಿಕ್ಷಕರಲ್ಲಿ ಒಂದು ಬಿನ್ನಹ: ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲೇ ಪೋಷಕರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಿ, ಯಾವ ಕಾಂಬಿನೇಷನ್ನಿಗೆ ಯಾವ ಪದವಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಹೇಳಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಗಳನ್ನು ಅಂದೇ ಕೈಗೆ ಕೊಡಿ.